ಬೇರಿನ ಸುತ್ತಲಿನ ಒಂದು ಮಿಲಿಮೀಟರ್

ಗಣೇಶನ ಹಬ್ಬದ ಹೊತ್ತಿಗೆ ಸಿರುಗುಪ್ಪದ ಬಯಲಿನಲ್ಲಿ ನಾಟಿ ಮುಗಿದು ಕೆಲವು ವಾರಗಳಾಗಿರುತ್ತವೆ. ಆಗ ಗದ್ದೆಯಿಂದ ಒಂದು ಬುಡವನ್ನು ಮಣ್ಣಿನ ಸಮೇತ ಎತ್ತಿ, ಹೊಲಗಾಲುವೆಯ ನೀರಿನಲ್ಲಿ ನಿಧಾನವಾಗಿ ಅಲ್ಲಾಡಿಸಿ ತೊಳೆದು ನೋಡಿ. ಮೇಲಿನ ಮಣ್ಣು ಕಪ್ಪು, ಆಳದ ಕೆಸರು ನೀಲಿಗೆ ತಿರುಗಿದ ಬೂದು. ಹೊಸ ಬೇರುಗಳ ತುದಿ ಅಚ್ಚ ಬಿಳಿ. ಬಲಿತ ಬೇರುಗಳ ಮೈಮೇಲೆ ಮಾತ್ರ ಕೆಂಗಂದು ಲೇಪ. ಅದು ತುಕ್ಕು. ಕಬ್ಬಿಣದ ಬಾಗಿಲಿಗೆ ಮಳೆಗಾಲದಲ್ಲಿ ಹಿಡಿಯುವ ಅದೇ ತುಕ್ಕು.

ತುಕ್ಕು ಹಿಡಿಯಲು ಆಮ್ಲಜನಕ ಬೇಕು. ನೀರು ಕಟ್ಟಿದ ಕೆಸರಿನಲ್ಲಿ ಇರುವಷ್ಟು ಆಮ್ಲಜನಕವನ್ನು ಅಲ್ಲಿನ ಜೀವಿಗಳು ಒಂದೆರಡು ದಿನದಲ್ಲೇ ಉಸಿರಾಡಿ ಮುಗಿಸುತ್ತವೆ. ಹಾಗಾದರೆ ಬೇರಿನ ಮೇಲೆ ತುಕ್ಕು ಕೂತದ್ದು ಹೇಗೆ? ಭತ್ತದ ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯ ನಾಳಗಳಿವೆ. ಎಲೆ ಎಳೆದುಕೊಂಡ ಆಮ್ಲಜನಕ ಅವುಗಳ ಮೂಲಕ ಕೆಳಗಿಳಿದು, ಬೇರಿನ ಚರ್ಮದಿಂದ ಚೂರುಚೂರೇ ಹೊರಗೆ ಸೋರುತ್ತದೆ. ಸೋರಿದ್ದು ಬಹಳ ದೂರ ಹೋಗುವುದಿಲ್ಲ. ಒಂದು ಮಿಲಿಮೀಟರ್, ಹೆಚ್ಚೆಂದರೆ ಎರಡು ಮೂರು. ಅಷ್ಟರಲ್ಲಿ ಸುತ್ತಲಿನ ಕಬ್ಬಿಣ ಮತ್ತು ಹಸಿದ ಬ್ಯಾಕ್ಟೀರಿಯಾಗಳು ಅದನ್ನು ಹೀರಿಕೊಳ್ಳುತ್ತವೆ. ನಾವು ಉಣ್ಣುವ ಸೋನಾ ಮಸೂರಿಯ ಭವಿಷ್ಯದ ದೊಡ್ಡ ಪಾಲು ಈ ಒಂದು ಮಿಲಿಮೀಟರಿನ ಒಳಗೆ ತೀರ್ಮಾನವಾಗುತ್ತದೆ. ಸಿರುಗುಪ್ಪ, ಕುರುಗೋಡು ಕಡೆ ಭತ್ತದ ಕುರಿತು ನಡೆಯುವ ಮಾತೆಲ್ಲ ನೀರು, ಯೂರಿಯಾ, ದರ, ಈ ಮೂರರ ಸುತ್ತಲೇ ತಿರುಗುತ್ತದೆ. ಈ ಮಿಲಿಮೀಟರಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬರಬೇಕು ಎನ್ನುವುದೇ ನನ್ನ ವಾದ.

ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಲ್ಲವು. ಗದ್ದೆಗೆ ನೀರು ಕಟ್ಟಿದ ಕ್ಷಣದಿಂದ ಅವುಗಳಲ್ಲಿ ಪಾಳಿ ಬದಲಾಗುತ್ತಾ ಹೋಗುತ್ತದೆ. ಮೊದಲು ಆಮ್ಲಜನಕ ಉಸಿರಾಡುವವು. ಅದು ಮುಗಿದರೆ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುವವು. ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ. ಕೆಂಪಾಗಿ ಗಟ್ಟಿಯಾಗಿದ್ದ ಕಬ್ಬಿಣ ಆಗ ಕರಗಿ ನೀರಿಗೆ ಬರುತ್ತದೆ, ಕೆಸರಿಗೆ ಆ ನೀಲಿಬೂದು ಬಣ್ಣ ಬರುವುದು ಹೀಗೆ. ನಂತರ ಗಂಧಕದ ಸರದಿ. ಎಲ್ಲ ಮುಗಿದ ಮೇಲೆ, ವಾರಗಟ್ಟಲೆ ನೀರು ನಿಂತಲ್ಲಿ, ಮೀಥೇನ್ ಹುಟ್ಟಿಸುವ ಪ್ರಾಚೀನ ಜೀವಿಗಳು ಮೇಲುಗೈ ಪಡೆಯುತ್ತವೆ. ಕೆಸರಿನಲ್ಲಿ ಕಾಲಿಟ್ಟಾಗ ಬುಳುಬುಳು ಏಳುವ ಗುಳ್ಳೆಗಳಲ್ಲಿ ಅದೇ ಅನಿಲವಿದೆ. ಮನುಷ್ಯರ ಚಟುವಟಿಕೆಯಿಂದ ಜಗತ್ತಿನಲ್ಲಿ ಹೊರಬರುವ ಮೀಥೇನಿನಲ್ಲಿ ಸುಮಾರು ಶೇ 8ರಿಂದ 10ರಷ್ಟು ಭತ್ತದ ಗದ್ದೆಗಳದು.

ಈ ಪಾಳಿಯಲ್ಲಿ ರೈತರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಡುಕೂ ಇದೆ. ನೀರು ಬಸಿಯದೆ ಬಹುದಿನ ನಿಂತ ತಗ್ಗಿನ ಮಡಿಯಲ್ಲಿ ಪೈರು ಕುಂಠಿತಗೊಳ್ಳುತ್ತದೆ, ಕಿತ್ತರೆ ಬೇರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಗಂಧಕ ಉಸಿರಾಡುವ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡಿನ ಕೆಲಸ ಅದು. ಬೇರಿನ ಉಸಿರಾಟಕ್ಕೇ ಅದು ವಿಷ. 1977ರಲ್ಲಿ ಜೋಶಿ ಮತ್ತು ಹೊಲಿಸ್ ಎಂಬ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬೆಗ್ಗಿಯಟೋವ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಬರೆದರು. ಅದು ಭತ್ತದ ಬೇರಿಗೆ ಅಂಟಿಕೊಂಡು, ಬೇರು ಸೋರುವ ಆಮ್ಲಜನಕವನ್ನು ಬಳಸಿ ಈ ಸಲ್ಫೈಡನ್ನು ನಿರಪಾಯಕಾರಿ ಗಂಧಕವಾಗಿ ಬದಲಿಸುತ್ತದೆ. ಬೇರು ಗಾಳಿ ಕೊಡುತ್ತದೆ, ಬ್ಯಾಕ್ಟೀರಿಯಾ ವಿಷ ತೆಗೆಯುತ್ತದೆ. ಅದೇ ಮಿಲಿಮೀಟರಿನಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಇವೆ. ಅವಿಲ್ಲದಿದ್ದರೆ ಗದ್ದೆಯಿಂದ ಏಳುವ ಮೀಥೇನ್ ಇನ್ನೂ ಹೆಚ್ಚಿರುತ್ತಿತ್ತು. ಪ್ರತಿಯಾಗಿ ಭತ್ತ ಕೊಡುವುದು ಗಾಳಿ ಮಾತ್ರವಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲನ್ನು, ಆಮ್ಲಗಳನ್ನು, ಲೋಳೆಯನ್ನು ಬೇರಿನಿಂದ ಹೊರಬಿಡುತ್ತದೆ. ಬೆಳೆ ತನ್ನ ದುಡಿಮೆಯ ಭಾಗವನ್ನೇ ಕೊಟ್ಟು ಇವುಗಳನ್ನು ಸಾಕುತ್ತದೆ ಎಂದರೆ, ಅದಕ್ಕೆ ಇವು ಎಷ್ಟು ಬೇಕು ಎಂಬುದನ್ನು ಊಹಿಸಬಹುದು.

ಸಿರುಗುಪ್ಪದ ಮಟ್ಟಿಗೆ ಇಲ್ಲೊಂದು ವಿಶೇಷವಿದೆ. ಮಲೆನಾಡು, ಕರಾವಳಿಯ ಗದ್ದೆಗಳಿಗೆ ಶತಮಾನಗಳ ಕೆಸರಿನ ಅಭ್ಯಾಸವಿದೆ. ಇಲ್ಲಿನ ಹೆಚ್ಚಿನ ಗದ್ದೆಗಳು ಗದ್ದೆಗಳಾದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ. ವಿಜಯನಗರ ಕಾಲದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳ ಕೆಳಗೆ ಹೊಳೆಯಂಚಿನಲ್ಲಿ ಭತ್ತವಿತ್ತು, ನಿಜ. ಉಳಿದ ಎರೆಬಯಲೆಲ್ಲ ಜೋಳ, ಹತ್ತಿ, ನವಣೆ. ಇನ್ನೂ ಹಿಂದಕ್ಕೆ ಹೋದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ ನವಶಿಲಾಯುಗದ ಜನ ಬದುಕಿದ್ದರು. ಸಂಗನಕಲ್ಲಿನಲ್ಲಿ ಸಿಕ್ಕ ಸುಟ್ಟ ಕಾಳುಗಳು ಕಿರುಧಾನ್ಯ, ಹುರುಳಿ, ಹೆಸರಿನವು. ಕುಡತಿನಿಯ ಬೂದಿದಿಬ್ಬ ಆ ಕಾಲದ ದನಗಳ ಸಗಣಿ ಸುಟ್ಟು ಆದದ್ದು. ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಮಣ್ಣಿನ ಜೀವಿಗಳು ಒಣಬೇಸಾಯದ ಜೀವಿಗಳಾಗಿದ್ದವು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಬೇಸಿಗೆಯಲ್ಲಿ ಕಾಲು ಹೂತುಹೋಗುವಂಥ ಬಿರುಕು, ಬಿರುಕಿನ ಆಳದವರೆಗೂ ಗಾಳಿ. ಒಣಬೇಸಾಯವನ್ನು ಇಲ್ಲೇ ಹಗರಿಯಲ್ಲಿ 1930ರ ದಶಕದಲ್ಲಿ ದೇಶಮಟ್ಟದ ಯೋಜನೆಯಾಗಿ ಅಭ್ಯಸಿಸಿದ್ದರು. ಬಳ್ಳಾರಿ ನಗರದಲ್ಲಿ 1954ರಲ್ಲಿ ಶುರುವಾದ ಮಣ್ಣು-ನೀರು ಸಂರಕ್ಷಣೆಯ ಕೇಂದ್ರ ಇಂದಿಗೂ ಕಪ್ಪುಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ.

1953ರಲ್ಲಿ ಎರಡು ಸಂಗತಿಗಳಾದವು. ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮೈಸೂರು ರಾಜ್ಯ ಸೇರಿತು, ಅದೇ ವರ್ಷ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಿತು. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಹೆಚ್ಚಾಗಿ ಜೋಳ, ಹತ್ತಿಯಂಥ ಬೆಳೆಗಳಿಗೆ ಮಿತವಾಗಿ ನೀರುಣಿಸುವ ಯೋಜನೆ. ಭತ್ತಕ್ಕೆ ಗುರುತಿಸಿದ್ದು ಸ್ವಲ್ಪ ಭೂಮಿಯನ್ನು ಮಾತ್ರ. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರು ಭತ್ತ ತಂದರು, ಊರಿನವರು ಕಲಿತರು, ಕಾಲುವೆಯ ಮೇಲ್ಭಾಗ ಪೂರ್ತಿ ಭತ್ತವಾಯಿತು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಎರೆಮಣ್ಣಿಗೆ ನೀರು ಬಿಟ್ಟು ಸರಿಯಾದ ಬಸಿಗಾಲುವೆ ತೋಡದಿದ್ದರೆ ಅಲ್ಲಿ ಭತ್ತ ಬಿಟ್ಟು ಬೇರೇನೂ ನಿಲ್ಲುವುದಿಲ್ಲ. ಮಣ್ಣಿನೊಳಗಿನ ದೃಷ್ಟಿಯಿಂದ ಇದನ್ನು ನೋಡಿ: ಗಾಳಿಗೆ ಒಗ್ಗಿದ್ದ ಒಂದು ಜೀವಸಮೂಹವನ್ನು ಒಂದು ತಲೆಮಾರಿನೊಳಗೆ ವರ್ಷಕ್ಕೆ ಎಂಟು ತಿಂಗಳು ನೀರಿನಲ್ಲಿ ಮುಳುಗಿಸಿದ್ದೇವೆ. ಎಪ್ಪತ್ತು ವರ್ಷ ಮಣ್ಣಿನ ಲೆಕ್ಕದಲ್ಲಿ ಬಹಳ ಚಿಕ್ಕ ಕಾಲ. ಅದು ಇನ್ನೂ ಹೊಂದಿಕೊಳ್ಳುತ್ತಲೇ ಇದೆ.

ಆ ಮುಳುಗಡೆಯಲ್ಲಿ ಒಂದು ಉಪಕಾರವೂ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಇಲ್ಲಿನ ಸುಣ್ಣಕಲ್ಲಿನ ಎರೆಮಣ್ಣು ಕ್ಷಾರೀಯ, ರಸಸಾರ 8ನ್ನು ದಾಟಿದ್ದು. ಶ್ರೀಲಂಕಾ ಮೂಲದ ಪೊನ್ನಂಪೆರುಮ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೂತು ಮುಳುಗಿದ ಮಣ್ಣಿನ ರಸಾಯನವನ್ನು ಬಿಡಿಸಿಟ್ಟವರು. 1972ರ ಅವರ ಪ್ರಬಂಧವನ್ನು ಇಂದಿಗೂ ಓದುತ್ತಾರೆ. ನೀರು ಕಟ್ಟಿದ ಕೆಲವು ವಾರಗಳಲ್ಲಿ ಹುಳಿಮಣ್ಣೂ ಕ್ಷಾರಮಣ್ಣೂ ಎರಡೂ 7ರ ಕಡೆಗೆ ಬರುತ್ತವೆ ಎಂದು ಅವರು ತೋರಿಸಿದರು. ಕ್ಷಾರಮಣ್ಣನ್ನು ಹಾಗೆ ಇಳಿಸುವುದು ಬ್ಯಾಕ್ಟೀರಿಯಾಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್. ಮಣ್ಣಿನಲ್ಲಿ ಬಂಧಿಯಾಗಿದ್ದ ರಂಜಕವೂ ಆಗ ಬಿಡುಗಡೆಯಾಗುತ್ತದೆ. ಸವಳು ನೆಲದಲ್ಲಿ ಮೊದಲು ಭತ್ತ ಹಾಕು ಎನ್ನುವ ರೂಢಿಯ ಹಿಂದೆ ಇದೂ ಒಂದು ಕಾರಣ. ಆದರೆ ಇದೇ ಮುಳುಗಡೆ ಸತುವನ್ನು ಕಟ್ಟಿಹಾಕುತ್ತದೆ. ಅದಕ್ಕೇ ಈ ಭಾಗದಲ್ಲಿ ಜಿಂಕ್ ಸಲ್ಫೇಟ್ ಇಲ್ಲದೆ ಭತ್ತ ಕಷ್ಟ. ಇನ್ನು ಸವಳು-ಜವಳಿನ ಕಥೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರಿನದು. ಗಂಗಾವತಿಯ ಸಂಶೋಧನಾ ಕೇಂದ್ರ ಬಹುಕಾಲದಿಂದ ಅದರ ಹಿಂದೆ ಬಿದ್ದಿದೆ.

ಯೂರಿಯಾ ವಿಷಯಕ್ಕೆ ಬರೋಣ. ಭತ್ತಕ್ಕೆ ಎಷ್ಟು ಗೊಬ್ಬರ ಹಾಕಿದರೂ ಅದು ಹೀರುವ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಬರುವುದು ಮಣ್ಣಿನಿಂದಲೇ. ಅಂದರೆ ಸೂಕ್ಷ್ಮಜೀವಿಗಳು ಕೊಳೆಸಿ, ಕಟ್ಟಿ, ಕೂಡಿಟ್ಟದ್ದರಿಂದ. ಗೊಬ್ಬರವೇ ಹಾಕದೆ ಶತಮಾನಗಟ್ಟಲೆ ಬಂಗಾಳದ ಗದ್ದೆಗಳು ಹೇಗೆ ಬೆಳೆ ಕೊಟ್ಟವು ಎಂಬ ಪ್ರಶ್ನೆಯನ್ನು ಹಿಡಿದು ಹೊರಟ ಪಿ.ಕೆ. ದೇ 1939ರಲ್ಲಿ ಉತ್ತರ ಕೊಟ್ಟರು. ನಿಂತ ನೀರಿನ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಸೇರಿಸುತ್ತದೆ. ಅನುಕೂಲವಾದರೆ ಒಂದು ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕಿಲೋ. ಇದರದೇ ಬಳಗದ ಒಂದು ಪಾಚಿ ಅಜೋಲಾ ಎಂಬ ನೀರಿನ ಜರೀಗಿಡದ ಎಲೆಯ ಪೊಟರೆಯಲ್ಲಿ ವಾಸಿಸುತ್ತದೆ. ನಮ್ಮ ಕಡೆ ಅಜೋಲಾವನ್ನು ಎಮ್ಮೆಯ ಮೇವಾಗಿ ತೊಟ್ಟಿಯಲ್ಲಿ ಬೆಳೆಸುವವರು ಇದ್ದಾರೆ, ಗದ್ದೆಗೆ ಬಿಡುವವರು ಅಪರೂಪ.

ಇಷ್ಟು ಉಚಿತವಾಗಿ ಸಿಗುವಲ್ಲಿ ನಾವು ಮಾಡುವುದೇನು? ನಿಂತ ನೀರಿನ ಮೇಲೆ ಯೂರಿಯಾ ಎರಚುತ್ತೇವೆ. ಕೆಲವೇ ದಿನಗಳಲ್ಲಿ ಮಣ್ಣಿನ ಕಿಣ್ವಗಳು ಅದನ್ನು ಅಮೋನಿಯಾ ರೂಪಕ್ಕೆ ತರುತ್ತವೆ. ಹಗಲಿನಲ್ಲಿ ನೀರಿನ ಪಾಚಿ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರುವುದರಿಂದ ನೀರಿನ ರಸಸಾರ 9ಕ್ಕೂ ಮೇಲೇರುತ್ತದೆ, ಅಮೋನಿಯಾ ಗಾಳಿಗೆ ಹಾರುತ್ತದೆ. ಉಳಿದದ್ದರಲ್ಲಿ ಒಂದು ಪಾಲನ್ನು ಮೇಲ್ಪದರದ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಅದು ಕೆಳಗಿನ ಕೆಸರಿಗೆ ಇಳಿದದ್ದೇ ಮೊದಲು ಹೇಳಿದ ನೈಟ್ರೇಟ್ ಉಸಿರಾಡುವ ಜೀವಿಗಳ ಪಾಲು. ಅವು ಅದನ್ನು ಮತ್ತೆ ಗಾಳಿಯ ಸಾರಜನಕ ಮಾಡಿ ಬಿಡುತ್ತವೆ. ಹೀಗೆ ಎರಚಿದ ಯೂರಿಯಾದಲ್ಲಿ ಬೆಳೆಗೆ ದಕ್ಕುವುದು ಮೂರರಲ್ಲಿ ಒಂದು ಪಾಲು, ಸ್ವಲ್ಪ ಹೆಚ್ಚು. 2015ರಿಂದ ದೇಶದಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯವಾದದ್ದು ಆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ವೇಗ ತಗ್ಗಿಸಲಿಕ್ಕೆ. ಸುತ್ತಲೂ ಸಾರಜನಕದ ಉಪ್ಪು ಧಾರಾಳವಾಗಿದ್ದರೆ ಗಾಳಿಯಿಂದ ಅದನ್ನು ಹಿಡಿಯುವ ಜೀವಿಗಳು ಆ ಕೆಲಸವನ್ನೇ ನಿಲ್ಲಿಸುತ್ತವೆ. ಅಷ್ಟು ಶ್ರಮದ ಕೆಲಸವನ್ನು ಸುಮ್ಮನೆ ಯಾವ ಜೀವಿಯೂ ಮಾಡುವುದಿಲ್ಲ. ಒಂದು ಚೀಲ ಹೆಚ್ಚು ಎರಚಿದ ರೈತ ದುಡ್ಡು ಕಳೆದುಕೊಂಡದ್ದಷ್ಟೇ ಅಲ್ಲ. ಬೆಂಕಿರೋಗಕ್ಕೆ, ದುಂಡಾಣು ಅಂಗಮಾರಿಗೆ ಮೆತ್ತನೆಯ ಎಲೆ ಒಡ್ಡಿದಂತೆಯೂ ಆಯಿತು.

ಬಳ್ಳಾರಿಯ ಗೊಬ್ಬರದಂಗಡಿಗಳಲ್ಲಿ ಈಗ ಇದಕ್ಕೆಲ್ಲ ಪರಿಹಾರ ಎಂಬಂತೆ ಪ್ಯಾಕೆಟ್ಟುಗಳಿವೆ, ಬಾಟಲಿಗಳಿವೆ. ಅಜೋಸ್ಪಿರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಸತು ಕರಗಿಸುವ ಬ್ಯಾಕ್ಟೀರಿಯಾ, ಸ್ಯೂಡೋಮೊನಾಸ್, ಟ್ರೈಕೋಡರ್ಮಾ. ಇವು ಮೋಸವಲ್ಲ. ಅಜೋಸ್ಪಿರಿಲಂ ಹುಲ್ಲುಜಾತಿಯ ಬೇರುಗಳ ಜೊತೆ ಬದುಕುವುದನ್ನು 1970ರ ದಶಕದಲ್ಲಿ ಬ್ರೆಜಿಲಿನ ಯೊಹಾನಾ ಡೊಬೆರೈನರ್ ಜಗತ್ತಿಗೆ ತೋರಿಸಿಕೊಟ್ಟರು. ಅವರ ಕೆಲಸದಿಂದ ಆ ದೇಶ ಬಹಳಷ್ಟು ಸಾರಜನಕ ಗೊಬ್ಬರ ಉಳಿಸಿಕೊಂಡಿದೆ. ಯಾವಾಗ ಕೊಡಬೇಕು ಎಂಬುದಕ್ಕೂ ಒಳ್ಳೆಯ ಆಧಾರವಿದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೂಕ್ಷ್ಮಜೀವಿಗಳಿಲ್ಲದೆ ಬೆಳೆಸಿದ ಭತ್ತದ ಸಸಿಯನ್ನು ಗದ್ದೆಯ ಮಣ್ಣಿಗೆ ಇಟ್ಟರೆ ಇಪ್ಪತ್ತನಾಲ್ಕು ಗಂಟೆಯೊಳಗೇ ಅದರ ಬೇರಿನ ಒಳಗೂ ಹೊರಗೂ ಹೊಸ ಜೀವಿಗಳು ಸೇರಿಕೊಳ್ಳುತ್ತವೆ, ಎರಡು ವಾರದಲ್ಲಿ ಆ ಸಮೂಹ ಹೆಚ್ಚುಕಡಿಮೆ ನೆಲೆಗೊಳ್ಳುತ್ತದೆ. ನಾಟಿಯ ದಿನ ಸಸಿಯ ಬೇರನ್ನು ಅಜೋಸ್ಪಿರಿಲಂ ರಾಡಿಯಲ್ಲಿ ಅರ್ಧ ಗಂಟೆ ಅದ್ದಿಡಿ ಎನ್ನುವ ಕೃಷಿ ಇಲಾಖೆಯ ಸಲಹೆಗೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಕಿಲ್ಲ.

ಆದರೆ ಪ್ಯಾಕೆಟ್ಟಿನಲ್ಲಿ ಜೀವ ಇರಬೇಕಲ್ಲ. 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ಬಂದ ಮಾನದಂಡದಂತೆ ಪುಡಿಯ ಒಂದು ಗ್ರಾಂನಲ್ಲಿ ಕನಿಷ್ಠ ಐದು ಕೋಟಿ, ದ್ರವದ ಒಂದು ಮಿಲಿಲೀಟರಿನಲ್ಲಿ ಹತ್ತು ಕೋಟಿ ಜೀವಕೋಶಗಳು ಇರಬೇಕು. ಕಾರ್ಖಾನೆ ಬಿಡುವಾಗ ಇದ್ದದ್ದು, 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಮೇಲೂ ಇರುತ್ತದೆ ಎಂದು ನಂಬುವುದು ಕಷ್ಟ. ಜುಲೈ ನಾಟಿಗೆ ಬೇಕಾದ ಸರಕು ಏಪ್ರಿಲ್, ಮೇ ತಿಂಗಳಲ್ಲೇ ಬಂದು ಬಿದ್ದರೆ ಬದುಕುವುದಾದರೂ ಹೇಗೆ? ಕೊಳ್ಳುವವರು ತಯಾರಿಸಿದ ದಿನಾಂಕ ನೋಡಿ ಕೊಳ್ಳಲಿ, ಯೂರಿಯಾದ ಜೊತೆ ಕಲಸದಿರಲಿ. ಅದಕ್ಕಿಂತ ಮುಖ್ಯವಾದದ್ದು: ಗಾಳಿಯಿಲ್ಲದ, ಉಪ್ಪೇರಿದ, ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿಳಿದ ಮಣ್ಣಿಗೆ ಜೀವಂತ ಬ್ಯಾಕ್ಟೀರಿಯಾ ಸುರಿದರೂ ಅವು ಉಳಿಯುವುದಿಲ್ಲ. ಉಳಿಯುವ ಮಣ್ಣಿದ್ದರೆ ಅಲ್ಲಿನವೇ ಸಾಕಷ್ಟಿವೆ. ನನ್ನ ಒತ್ತು ಇಲ್ಲಿರುವುದು. ಸರ್ಕಾರದ ಹಣ, ರೈತರ ಗಮನ ಪ್ಯಾಕೆಟ್ಟಿಗಿಂತ ಮೊದಲು ಮಣ್ಣು ವಾಸಯೋಗ್ಯವಾಗುವ ಕಡೆ ಹೋಗಬೇಕು.

ಅದಕ್ಕೆ ಮೊದಲು ಬೇಕಾದದ್ದು ಗಾಳಿ. ಹೊಡೆಗಟ್ಟುವ, ಹೂಬಿಡುವ ಹೊತ್ತು ಬಿಟ್ಟು ಉಳಿದ ದಿನಗಳಲ್ಲಿ ಗದ್ದೆಯನ್ನು ಆಗಾಗ ಆರಲು ಬಿಟ್ಟು ಮತ್ತೆ ನೀರು ಕಟ್ಟುವ ಪದ್ಧತಿ ಫಿಲಿಪ್ಪೀನ್ಸ್, ವಿಯೆಟ್ನಾಂಗಳಲ್ಲಿ ನೆಲೆಯೂರಿದೆ. ತೂತು ಕೊರೆದ ಪೈಪನ್ನು ಮಣ್ಣಿನಲ್ಲಿ ಹುಗಿದು, ಒಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ನೀರು ಬಿಟ್ಟರಾಯಿತು. ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಬೇರು ಆಳಕ್ಕೆ ಹೋಗುತ್ತದೆ, ಕಪ್ಪಾಗುವುದು ನಿಲ್ಲುತ್ತದೆ. ಇದರಲ್ಲಿ ಜಾಗ್ರತೆ ಬೇಕಾದ ಕಡೆಯೂ ಇದೆ. ಯೂರಿಯಾ ಹೆಚ್ಚಿದ್ದಾಗ ಆರಿಸಿ ನೆನೆಸಿದರೆ ಮೀಥೇನಿನಂತೆಯೇ ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಹೆಚ್ಚುತ್ತದೆ. ಸವಳು ನೆಲವನ್ನು ಪೂರ್ತಿ ಆರಲು ಬಿಟ್ಟರೆ ಉಪ್ಪು ಮೇಲೇರುತ್ತದೆ. ಅಲ್ಲಿ ಮೊದಲು ಬಸಿಗಾಲುವೆ, ಆಮೇಲೆ ಉಳಿದದ್ದು.

ಸಿರುಗುಪ್ಪದ ರೈತ ಇದನ್ನು ಯಾಕೆ ಮಾಡುವುದಿಲ್ಲ ಎಂದು ಕೇಳುವ ಮೊದಲು ತುಂಗಭದ್ರೆಯ ಕೆಳಮಟ್ಟದ ಕಾಲುವೆಯಾದ ಎಲ್‌ಎಲ್‌ಸಿಯ ದಂಡೆಯಲ್ಲಿ ನಿಂತು ನೋಡಬೇಕು. ಇವತ್ತು ಬಂದ ನೀರು ಮುಂದಿನ ವಾರ ಬರುತ್ತದೆಂಬ ಖಾತ್ರಿ ಯಾರಿಗಿದೆ? ಹೂಳಿನಿಂದ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟಿತ್ತು. ಕೊನೆಭಾಗದ ರೈತರು ನೀರಿಗಾಗಿ ಪ್ರತಿವರ್ಷ ರಸ್ತೆಗಿಳಿಯುತ್ತಾರೆ. ಇಂಥ ಅನುಮಾನದಲ್ಲಿ ಬದುಕುವವರು ಸಿಕ್ಕಾಗ ಮಡಿ ತುಂಬಿಸಿಟ್ಟುಕೊಳ್ಳುವುದು ಸಹಜ. ಬೇರಿಗೆ ಗಾಳಿ ಸಿಗಬೇಕಾದರೆ ರೈತರಿಗೆ ಕಾಲುವೆಯ ಮೇಲೆ ನಂಬಿಕೆ ಬರಬೇಕು. ಯಾವ ವಿತರಣಾ ಕಾಲುವೆಗೆ ಯಾವ ದಿನ ನೀರು ಎಂಬುದು ಹಂಗಾಮಿಗೆ ಮೊದಲೇ ಗೊತ್ತಾಗಿ, ಆ ದಿನ ನೀರು ಬಂದೇ ಬಂದರೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಣ್ಣಿನ ವಿಜ್ಞಾನಿಗಳು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕೂತು ಈ ಮಾತು ಆಡಬೇಕು.

ಕೂರಿಗೆ ಭತ್ತ ಇನ್ನೊಂದು ದಾರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದನ್ನು ಬಹಳ ಹುರುಪಿನಿಂದ ಹಬ್ಬಿಸಿದೆ. ಕೆಸರು ಮಾಡದೆ ಒಣನೆಲಕ್ಕೆ ಬೀಜ ಬಿತ್ತುವುದರಿಂದ ಮೊದಲ ತಿಂಗಳು ಮಣ್ಣಿನಲ್ಲಿ ಗಾಳಿಯಾಡುತ್ತದೆ. ಆಗ ಮರಳಿ ಬರುವ ಒಬ್ಬ ಹಳೆಯ ನೆಂಟ ಮೈಕೊರೈಜಾ ಶಿಲೀಂಧ್ರ. ಬೇರಿನೊಳಗೆ ಬೇರೂರಿ, ಹೊರಗೆ ನೂಲು ಚಾಚಿ, ಬೇರಿಗೆ ಎಟುಕದ ರಂಜಕವನ್ನೂ ಸತುವನ್ನೂ ತಂದುಕೊಡುವ ಈ ಶಿಲೀಂಧ್ರಕ್ಕೆ ಮುಳುಗಿದ ಮಣ್ಣು ಆಗಿಬರದು. ಆದರೂ ಅದನ್ನು ಬರಮಾಡಿಕೊಳ್ಳುವ ಜೀನುಗಳನ್ನು ಭತ್ತ ಇಂದಿಗೂ ಬಿಟ್ಟುಕೊಟ್ಟಿಲ್ಲ. ಕುರುಗೋಡಿನಲ್ಲಿ ಇದರ ಅರ್ಥ ಎದುರಿಗೇ ಇದೆ: ಒಂದು ಹೊಲದಲ್ಲಿ ಮೆಣಸಿನಕಾಯಿ, ಬದು ದಾಟಿದರೆ ಭತ್ತ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಮತ್ತು ಶ್ರೀರಾಮುಲು ಮೆಣಸಿನಕಾಯಿ ಸಸಿಗಳಿಗೆ ಮಡಿಯಲ್ಲೇ ಮೈಕೊರೈಜಾ ಹಚ್ಚಿ ಹೊಲಕ್ಕೆ ನೆಟ್ಟಾಗ ಇಳುವರಿ ಏರಿದ್ದನ್ನೂ ರಂಜಕ ಗೊಬ್ಬರ ಉಳಿದದ್ದನ್ನೂ 1982ರಲ್ಲಿ ಪ್ರಕಟಿಸಿದರು. 1986ರಲ್ಲಿ ಕಪ್ಪು ಜೇಡಿಮಣ್ಣಿನಲ್ಲಿ ಮಾಡಿದ ಪ್ರಯೋಗವನ್ನೂ ಪ್ರಕಟಿಸಿದರು. ಭತ್ತ ಮತ್ತು ಮೆಣಸಿನಕಾಯಿಯನ್ನು ಒಂದೇ ಹೊಲದಲ್ಲಿ ವರ್ಷ ಬಿಟ್ಟು ವರ್ಷ ತಿರುಗಿಸುವವರ ಮಣ್ಣಿನಲ್ಲಿ ಈ ಶಿಲೀಂಧ್ರ ಎಷ್ಟು ಉಳಿಯುತ್ತದೆ ಎಂಬುದು ಕುರುಗೋಡಿನಲ್ಲೇ ಅಳೆಯಬೇಕಾದ ಸಂಗತಿ. ಕೂರಿಗೆ ಭತ್ತದಲ್ಲಿ ಕಳೆಯ ಕಾಟ ಹೆಚ್ಚು, ಕಳೆನಾಶಕದ ಖರ್ಚು ಹೆಚ್ಚು, ಅದನ್ನೂ ಒಪ್ಪಬೇಕು.

ಹುಲ್ಲಿನ ಬಗ್ಗೆ ಎರಡು ಮಾತು. ಕಟಾವಿನ ಯಂತ್ರ ಬಂದ ಮೇಲೆ ಗದ್ದೆಯಲ್ಲೇ ಹುಲ್ಲು ಸುಡುವುದು ನಮ್ಮ ಕಡೆಯೂ ಶುರುವಾಗಿದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಐದಾರು ಕಿಲೋ ಸಾರಜನಕ ಇರುತ್ತದೆ, ಸುಟ್ಟರೆ ಬಹುಪಾಲು ಹೊಗೆ. ಹಸಿಹುಲ್ಲನ್ನು ನೀರು ನಿಲ್ಲಿಸಿ ಕೂಡಲೇ ತುಳಿದರೂ ತಪ್ಪೇ. ಹುಳಿ ಹುಟ್ಟುತ್ತದೆ, ಮೀಥೇನ್ ಉಕ್ಕುತ್ತದೆ. ತೇವ ಮಾತ್ರ ಇರುವಾಗ ಮಗುಚಿ, ನಾಟಿಗೆ ಮೂರು ವಾರ ಮೊದಲೇ ಕೊಳೆಯಲು ಬಿಟ್ಟರೆ ಶಿಲೀಂಧ್ರಗಳು ಅದನ್ನು ಮಣ್ಣಿಗೆ ಸೇರಿಸುತ್ತವೆ. ಮೇ ತಿಂಗಳ ಮಳೆಗೆ ಹಸಿರೆಲೆ ಗೊಬ್ಬರದ ಗಿಡವಾದ ಡಯಂಚದ ಬೀಜ ಚೆಲ್ಲಿ, ನಲವತ್ತೈದು ದಿನಕ್ಕೆ ಉತ್ತು ಮುಚ್ಚುವವರು ಹೆಕ್ಟೇರಿಗೆ 60 ಕಿಲೋದಷ್ಟು ಸಾರಜನಕ ಗಳಿಸಬಲ್ಲರು. ಡಯಂಚಕ್ಕೆ ಸವಳೂ ಸಹ್ಯ. ಕಷ್ಟ ಒಂದೇ, ಆ ದಿನಗಳಲ್ಲಿ ಕಾಲುವೆ ಬಂದ್ ಆಗಿರುತ್ತದೆ, ಮಳೆಯನ್ನೇ ನಂಬಬೇಕು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಇವತ್ತು ಸಿರುಗುಪ್ಪದ ಬಹಳ ಮನೆಗಳಲ್ಲಿದೆ. ಅದರಲ್ಲಿ ಹನ್ನೆರಡು ಅಂಶಗಳ ಲೆಕ್ಕವಿದೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಜೀವವಿರುವ ಯಾವುದರ ಲೆಕ್ಕವೂ ಇಲ್ಲ. ಮಣ್ಣಿನ ಉಸಿರಾಟ ಅಳೆಯುವುದು ದುಬಾರಿಯ ಕೆಲಸವಲ್ಲ. ತೇವದ ಮಣ್ಣನ್ನು ಮುಚ್ಚಿದ ಜಾಡಿಯಲ್ಲಿಟ್ಟು, ಪಕ್ಕದಲ್ಲೊಂದು ಪುಟ್ಟ ಬಟ್ಟಲಿನಲ್ಲಿ ಕ್ಷಾರದ ದ್ರಾವಣವಿಟ್ಟು, ಅದು ಹೀರಿದ ಇಂಗಾಲದ ಡೈಆಕ್ಸೈಡನ್ನು ಕಂಡುಹಿಡಿದರೆ ಮಣ್ಣಿನಲ್ಲಿ ಎಷ್ಟು ಜೀವ ದುಡಿಯುತ್ತಿದೆ ಎಂಬ ಒಂದು ಅಂದಾಜು ಸಿಗುತ್ತದೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲೂ ಮಾಡಬಹುದಾದ ಪರೀಕ್ಷೆ ಇದು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ ಕಾಲುವೆಯ ಮೇಲ್ಭಾಗದ, ಕೊನೆಭಾಗದ, ಕೂರಿಗೆ ಭತ್ತದ, ಹುಲ್ಲು ಸುಟ್ಟ, ಡಯಂಚ ಹಾಕಿದ ಹೊಲಗಳಿಂದ ಮಣ್ಣು ತರಿಸಿ ಈ ಒಂದು ಅಂಕಿಯನ್ನು ಹಂಗಾಮಿಗೊಮ್ಮೆ ಪ್ರಕಟಿಸಲಿ. ಕೃಷಿ ಇಲಾಖೆ ಅದನ್ನು ಚೀಟಿಯ ಹದಿಮೂರನೆಯ ಸಾಲಾಗಿ ಮುದ್ರಿಸಲಿ. ಐದು ವರ್ಷ ಹೀಗೆ ನಡೆದರೆ ಯಾವ ಪದ್ಧತಿಯಿಂದ ಯಾರ ಹೊಲಕ್ಕೆ ಏನಾಯಿತು ಎಂದು ವಾದಿಸಲು ರೈತರ ಕೈಯಲ್ಲೇ ಪುರಾವೆ ಇರುತ್ತದೆ.